ಶಾಖದ ಜಾಗದಲ್ಲಿ ಒಂದು ಪದ

ನಮ್ಮ ಕಚೇರಿಯಲ್ಲಿ ಅವಳಿಗೆ ಜಿಪುಣಕ್ಕ ಎಂಬ ಹೆಸರು ಬಿದ್ದದ್ದು ದುಡ್ಡಿನ ವಿಷಯಕ್ಕಲ್ಲ. ಕೈ ಅವಳದು ಧಾರಾಳವೇ. ಯಾರದಾದರೂ ಮಗುವಿಗೆ ಜ್ವರ ಎಂದರೆ ಅವರ ಪಾಲಿನ ಕೆಲಸವನ್ನೂ ತಾನೇ ಮುಗಿಸಿಕೊಟ್ಟು, ಮರುದಿನ ಅದರ ಮಾತೇ ಎತ್ತುತ್ತಿರಲಿಲ್ಲ. ಅವಳ ಜಿಪುಣತನವೆಲ್ಲ ಬೈಟುಗಳ ಮೇಲೆ, ಅಂದರೆ ಕಂಪ್ಯೂಟರ್ ಮೆಮೊರಿಯ ಚೂರುಗಳ ಮೇಲೆ. ನಾವು ತಯಾರಿಸುತ್ತಿದ್ದುದು ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರ: ಆಳೆತ್ತರದ, ದಪ್ಪ ಗೋಡೆಯ ಕಪಾಟು, ಒಳಗೆ ಸಾಲು ಸಾಲು ತಟ್ಟೆಗಳು, ಬಾಗಿಲ ಮೇಲೆ ಅಂಗೈಯಷ್ಟು ಪರದೆ. ಅದನ್ನೆಲ್ಲ ನಡೆಸುವ ಚಿಪ್ ಹೆಬ್ಬೆರಳ ಉಗುರಿನಷ್ಟಿತ್ತು. ಅದರ ಮೆಮೊರಿಯೂ ಅಷ್ಟಕ್ಕಷ್ಟೆ. ಆ ಮೆಮೊರಿಯಲ್ಲಿ ಯಾರಾದರೂ ಒಂದು ಬೈಟು ಹಾಳುಮಾಡಿದರೆ ಅವಳಿಗೆ ಸ್ವಂತ ಮನೆಯ ನಲ್ಲಿ ಸೋರಿದಷ್ಟು ಸಂಕಟ.

ನಾನು ಅವಳ ಪಕ್ಕದ ಮೇಜಿನವನು. ನನ್ನದು ಸರ್ಕ್ಯೂಟುಗಳ ಕೆಲಸ, ಅವಳದು ಭಾಷೆಯ ಕೆಲಸ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಒಂದೊಂದು ಹ್ಯಾಚರಿಯವರಿಗೆ ಒಂದೊಂದು ರೀತಿಯ ಕಾವು ಬೇಕು. ಕೋಳಿಮೊಟ್ಟೆಗೆ ಬೇರೆ, ಬಾತುಮೊಟ್ಟೆಗೆ ಬೇರೆ. ಪ್ರತಿಯೊಬ್ಬರಿಗೂ ನಾವೇ ಪ್ರೋಗ್ರಾಮ್ ಬರೆದುಕೊಡುತ್ತ ಕೂತರೆ ಮುಗಿಯುವ ಮಾತಲ್ಲ. ಅದಕ್ಕೆ ಅವಳು ಹ್ಯಾಚರಿಯವರೇ ಬರೆದುಕೊಳ್ಳುವಂಥ ಒಂದು ಪುಟ್ಟ ಭಾಷೆ ಮಾಡಿದ್ದಳು. 'ಶಾಖ 37.8 ದಾಟಿದರೆ ಹೀಟರ್ ಆರಿಸು. 37.4ಕ್ಕೆ ಇಳಿದರೆ ಹೊತ್ತಿಸು. 39 ದಾಟಿದರೆ ಗಂಟೆ ಬಾರಿಸು.' ಇಷ್ಟು ಸರಳ. ಈ ಸಾಲುಗಳನ್ನು ಓದಿ, ಓದಿದ ಹಾಗೆ ಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು ಅವಳು ಸಿ ಭಾಷೆಯಲ್ಲಿ ಬರೆದಿದ್ದಳು. ಅಂಥದಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರೆ. ನಾವು ದುಭಾಷಿ ಎನ್ನುತ್ತಿದ್ದೆವು.

ದುಭಾಷಿಗೆ ಒಂದು ತೊಡಕಿತ್ತು. ಸಿ ಭಾಷೆಯಲ್ಲಿ ಈ ಜಾಗದಲ್ಲಿ ಅಂಕಿ ಇಡುತ್ತೇನೆ, ಆ ಜಾಗದಲ್ಲಿ ಅಕ್ಷರ ಇಡುತ್ತೇನೆ ಎಂದು ಮೊದಲೇ ಹೇಳಿಬಿಡಬೇಕು. ಆಮೇಲೆ ಮಾತು ತಪ್ಪುವಂತಿಲ್ಲ. ಹ್ಯಾಚರಿಯವರ ಪುಟ್ಟ ಭಾಷೆಯಲ್ಲಿ ಆ ಕಟ್ಟುಪಾಡಿಲ್ಲ. ಅವರು ಒಂದು ಹೆಸರಿಗೆ ಈಗ 37.8 ಎಂಬ ಅಂಕಿ ಕೊಡುತ್ತಾರೆ, ಸ್ವಲ್ಪ ಹೊತ್ತಿಗೆ ಅದೇ ಹೆಸರಿಗೆ 'ಎಡಕ್ಕೆ' ಎಂಬ ಪದ ಕೊಡುತ್ತಾರೆ, ಇನ್ನೊಮ್ಮೆ ಹೌದು ಅಥವಾ ಅಲ್ಲ ಎಂದಷ್ಟೇ ಕೊಡುತ್ತಾರೆ. ಏನು ಬರುತ್ತದೆ ಎಂದು ಮೊದಲೇ ಗೊತ್ತಿಲ್ಲದ ಬೆಲೆಗೆ, ಮೊದಲೇ ಹೇಳು ಎಂದು ಹಟ ಹಿಡಿಯುವ ಭಾಷೆಯಲ್ಲಿ ಜಾಗ ಮಾಡುವುದು ಹೇಗೆ?

ಎಲ್ಲರೂ ಮಾಡುವ ಹಾಗೆ ಅವಳೂ ಮೊದಲು ಪ್ರತಿ ಬೆಲೆಯನ್ನೂ ಡಬ್ಬಿಗೆ ಹಾಕಿದಳು. ಡಬ್ಬಿಯ ಮೇಲೆ ಒಂದು ಚೀಟಿ: ಒಳಗಿರುವುದು ಅಂಕಿ, ಅಥವಾ ಪದ, ಅಥವಾ ಹೌದು-ಅಲ್ಲ. ಒಳಗೆ ಸರಕು. ಚೀಟಿಗೆ ಒಂದು ಬೈಟು ಸಾಕು, ಸರಕಿಗೆ ಎಂಟು. ಆದರೆ ಚಿಪ್‌ಗೆ ಎಲ್ಲವೂ ಎಂಟೆಂಟು ಬೈಟಿನ ಕಂತೆಯಲ್ಲೇ ಬೇಕು. ಹಾಗಾಗಿ ಡಬ್ಬಿ ಹದಿನಾರು ಬೈಟಿನದಾಯಿತು.

"ಏಳು ಬೈಟು ಗಾಳಿ," ಎಂದಳು ಅವಳು ಆ ದಿನ, ಯಾರೋ ಸತ್ತ ಸುದ್ದಿ ಹೇಳುವ ಮುಖದಲ್ಲಿ. "ಪ್ರತಿ ಡಬ್ಬೀಲೂ ಏಳು ಬೈಟು ಗಾಳಿ ತುಂಬಿಸಿ ಮಾರ್ತಿದೀವಿ."

"ಗಾಳಿಗೆ ಯಾರೂ ಬೇಡ ಅನ್ನಲ್ಲ ಬಿಡಕ್ಕ," ಎಂದೆ.

"ನಿನ್ನ ಸರ್ಕ್ಯೂಟಲ್ಲಿ ಗಾಳಿ ಬಿಡು. ನನ್ನ ಮೆಮೊರೀಲಿ ಬೇಡ."

ಮುಂದೆ ಅವಳು ಕಂಡುಕೊಂಡ ಉಪಾಯ ಅವಳೊಬ್ಬಳದೇ ಅಲ್ಲ, ಈ ಕಸುಬಿನವರಿಗೆ ಗೊತ್ತಿರುವಂಥದ್ದೇ. ಆದರೆ ಅಷ್ಟು ಚಿಕ್ಕ ಚಿಪ್‌ನಲ್ಲಿ ಅದನ್ನು ಅಷ್ಟು ನೀಟಾಗಿ ಕೂರಿಸಿದವರನ್ನು ನಾನು ನೋಡಿರಲಿಲ್ಲ. ದಶಮಾಂಶದ ಅಂಕಿಗಳನ್ನು ಎಂಟು ಬೈಟಿನಲ್ಲಿ ಬರೆಯುವ ಪದ್ಧತಿಯಲ್ಲಿ ಸೊನ್ನೆ-ಒಂದುಗಳ ಒಂದು ಬಗೆಯ ವಿನ್ಯಾಸಗಳನ್ನು 'ಇದು ಅಂಕಿಯೇ ಅಲ್ಲ' ಎಂದು ಹೇಳುವುದಕ್ಕೆ ಮೀಸಲಿಟ್ಟಿದ್ದಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವ ಉತ್ತರ ಅಂಥದ್ದು. ಹಾಗೆ ಹೇಳುವುದಕ್ಕೆ ಒಂದು ವಿನ್ಯಾಸ ಸಾಕು. ಮೀಸಲಿಟ್ಟಿರುವುದು ಲೆಕ್ಕವಿಲ್ಲದಷ್ಟು. ಜಿಪುಣಕ್ಕ ಆ ಖಾಲಿ ಬಡಾವಣೆಗೆ ನುಗ್ಗಿದಳು. ಒಂದು ಬೀದಿ ಪದಗಳಿಗೆ, ಒಂದು ಬೀದಿ ಹೌದು-ಅಲ್ಲಗಳಿಗೆ. ಪದದ ಬೀದಿಯಲ್ಲಿ ಮೂರನೇ ಮನೆ ಎಂದರೆ ಆ ಹ್ಯಾಚರಿಯ ಪ್ರೋಗ್ರಾಮಿನಲ್ಲಿ ಬರುವ ಮೂರನೇ ಪದ. ಚೀಟಿಯೂ ಸರಕೂ ಒಂದೇ ಎಂಟು ಬೈಟಿನಲ್ಲಿ ಕೂತವು. ಅರ್ಧಕ್ಕರ್ಧ ಜಾಗ ಉಳಿಯಿತು. ನಿರ್ದೇಶಕರು ಎಲ್ಲರೆದುರು, "ಜಿಪುಣತನಕ್ಕೆ ಬಹುಮಾನ ಕೊಡೋದಿದ್ರೆ ಈ ವರ್ಷ ಈಯಮ್ಮನಿಗೇ," ಎಂದರು. ಅವಳು ನಾಚಿಕೊಂಡು ಲೋಟ ತೊಳೆಯಲು ಎದ್ದುಹೋದಳು.

ಅವಳ ತಂದೆ ಹ್ಯಾಚರಿಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಅವರನ್ನು ಎಲ್ಲರೂ ಕಾವಪ್ಪ ಎನ್ನುತ್ತಿದ್ದರು. ವಾಚಾಳಿ ಮನುಷ್ಯ. ಒಂದು ಸಲ ಕರೆಂಟು ಹೋದಾಗ ತಾವೊಬ್ಬರೇ ಕಂಬಳಿ ಹೊದಿಸಿ ಕೋಣೆ ತುಂಬ ಮರಿ ಮಾಡಿಸಿದ ಕಥೆಯನ್ನು ಅವರು ಹೇಳಿದಾಗಲೆಲ್ಲ ಮರಿಗಳ ಸಂಖ್ಯೆ ಏರುತ್ತಿತ್ತು. "ಅಪ್ಪಾ, ಹೋದ ಸಲ ಇಷ್ಟಿರಲಿಲ್ಲವಲ್ಲ," ಎಂದು ಮಗಳು ಕೆಣಕಿದರೆ, "ಅವು ಆಮೇಲೆ ಮೊಟ್ಟೆ ಇಟ್ವಲ್ಲಮ್ಮ, ಅವನ್ನೂ ಸೇರಿಸಬೇಕಲ್ವಾ," ಎನ್ನುತ್ತಿದ್ದರು. ನಮ್ಮ ಯಂತ್ರ ಆ ಹ್ಯಾಚರಿಗೆ ಬಂದಾಗ ಅವರು ಬಂದವರಿಗೆಲ್ಲ ಪರದೆ ತೋರಿಸುತ್ತಿದ್ದರು. "ಒಳಗೆ ಕೂತು ಮಾತಾಡ್ತಿರೋದು ನನ್ನ ಮಗಳು."

ಅದು ವಾರದ ರಜೆಯ ದಿನ. ಹ್ಯಾಚರಿಯಲ್ಲಿ ಕಾವಪ್ಪ ಒಬ್ಬರೇ ಇದ್ದರು. ಉದ್ದನೆಯ ಕೋಣೆ, ಗೋಡೆಗುಂಟ ಕಪಾಟುಗಳು, ಫ್ಯಾನುಗಳ ಒಂದೇ ಸಮನೆ ಗುಂಯ್‌ಗುಡುವಿಕೆ. ಗಂಟೆಗೊಮ್ಮೆ ಒಳಗಿನ ತಟ್ಟೆಗಳು ತಾವಾಗಿಯೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತವೆ. ಮೊಟ್ಟೆಯೊಳಗಿನ ಜೀವ ಸಿಪ್ಪೆಗೆ ಅಂಟಿಕೊಳ್ಳಬಾರದಲ್ಲ. ಬಾಗಿಲು ಸುಮ್ಮನೆ ತೆಗೆಯುವಂತಿಲ್ಲ, ಪರದೆ ನೋಡುವುದೇ ಕೆಲಸ: ಮೇಲಿನ ಸಾಲಿನಲ್ಲಿ ಶಾಖ, ಕೆಳಗಿನ ಸಾಲಿನಲ್ಲಿ ತಟ್ಟೆ ವಾಲಿದ ದಿಕ್ಕು. ಮಧ್ಯಾಹ್ನದ ಹೊತ್ತಿಗೆ ಮೂಲೆಯ ಕಪಾಟಿನ ಪರದೆಯಲ್ಲಿ, ಶಾಖದ ಅಂಕಿ ಇರಬೇಕಾದ ಜಾಗದಲ್ಲಿ, 'ಎಡಕ್ಕೆ' ಎಂದು ಕಂಡಿತು. ದೀಪ ಹಸಿರೇ ಇತ್ತು. ಗಂಟೆ ಹೊಡೆದಿರಲಿಲ್ಲ. ಕಾವಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೇಲ್ವಿಚಾರಕನಿಗೆ ಫೋನು ಮಾಡಿದರು.

"ಶಾಖದ ಜಾಗದಲ್ಲಿ ಎಡಕ್ಕೆ ಅಂತ ಬರ್ತಿದೆಯಪ್ಪ."

"ತಟ್ಟೆ ವಾಲಿದೆ ಅಷ್ಟೇ. ಅದು ಕೆಳಗಿನ ಸಾಲು. ಕನ್ನಡಕ ಹಾಕ್ಕೊಂಡು ನೋಡಿ ದೊಡ್ಡಪ್ಪ."

"ಹಾಕ್ಕೊಂಡೇ ನೋಡ್ತಿದೀನಿ."

"ದೀಪ ಯಾವ ಬಣ್ಣ?"

"ಹಸಿರು."

"ಮತ್ತೇನು? ರಜೆ ದಿನ ಊಟ ಮಾಡೋಕೆ ಬಿಡಿ."

ಕೆಲಸ ಮುಗಿಸಿ ಹೊರಡುವ ಹೊತ್ತಿಗೂ ಕಾವಪ್ಪನಿಗೆ ಸಮಾಧಾನವಾಗಲಿಲ್ಲ. ಮೂಲೆಯ ಕಪಾಟಿನ ಬಾಗಿಲನ್ನು ಒಂದು ಗೇಣು ತೆಗೆದರು. ಒಳಗಿನ ಉಸಿರು ಮುಖಕ್ಕೆ ಹೊಡೆಯಿತು. ಜ್ವರ ಬಂದವರ ಹಣೆಯ ಬಿಸಿಯಲ್ಲ ಅದು, ಒಲೆಯ ಮುಂದೆ ಬಗ್ಗಿದಾಗಿನ ಬಿಸಿ. ಅವರು ಬಾಗಿಲನ್ನು ಪೂರ್ತಿ ತೆರೆದು, ಮೇನ್ ಸ್ವಿಚ್ ಆರಿಸಿ, ಅಲ್ಲೇ ನೆಲದ ಮೇಲೆ ಕುಸಿದು ಕೂತರಂತೆ. ಸುದ್ದಿ ತಿಳಿದು ಮೇಲ್ವಿಚಾರಕ ಓಡಿ ಬಂದು ಮೇನ್ ಸ್ವಿಚ್ ಹಾಕಿದಾಗ ಪರದೆಯಲ್ಲಿ ಅಂಕಿ ಕಂಡಿತು. ಸರಿಯಾದ ಅಂಕಿ, ಕಣ್ಣೆದುರೇ ಇಳಿಯುತ್ತಿರುವ ಅಂಕಿ. 'ಎಡಕ್ಕೆ' ಎಲ್ಲಿಯೂ ಇರಲಿಲ್ಲ.

ಮರುದಿನ ಕತ್ತಲೆಕೋಣೆಯಲ್ಲಿ ಒಂದೊಂದೇ ಮೊಟ್ಟೆಯ ಹಿಂದೆ ದೀಪ ಹಿಡಿದು ನೋಡಿದರು. ಬದುಕಿರುವ ಮೊಟ್ಟೆಯಲ್ಲಿ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿರುತ್ತವೆ, ನಡುವೆ ಒಂದು ಚುಕ್ಕೆ ಮಿಡಿಯುತ್ತಿರುತ್ತದೆ. ಇವುಗಳಲ್ಲಿ ನರಗಳು ಕರಗಿ ಬರೀ ಒಂದು ಕೆಂಪು ಉಂಗುರ ಉಳಿದಿತ್ತು. ತಟ್ಟೆಯ ನಂತರ ತಟ್ಟೆ, ಉಂಗುರವೇ. ಹ್ಯಾಚರಿಯ ಒಡತಿ ಅರ್ಧಕ್ಕೇ ಹೊರಗೆ ಬಂದು ಗೋಡೆಗೆ ಒರಗಿ ನಿಂತಳಂತೆ.

ನಮ್ಮ ಕಂಪನಿಯಿಂದ ಮೆಕ್ಯಾನಿಕ್ ಹೋಗಿ ನೋಡಿದ. ಸೆನ್ಸರ್ ಸರಿ, ಹೀಟರ್ ಸರಿ, ಪರದೆ ಸರಿ. ಕಪಾಟಿನ ಪಕ್ಕದಲ್ಲಿ, ತೊಳೆದ ಮೇಲೆ ಒಣಗಿಸಲೆಂದು, ಹೀಟರನ್ನು ಕೈಯಿಂದ ಹೊತ್ತಿಸುವ ಒಂದು ಸ್ವಿಚ್ ಇತ್ತು; ಅದು ಹಾಕಿದ್ದಷ್ಟು ಹೊತ್ತು ಗಂಟೆ ಹೊಡೆಯುವುದಿಲ್ಲ. ಅದನ್ನು ಯಾರೋ ಹಾಕಿ ಮರೆತಿರಬೇಕು ಎಂದು ಅವನು ತೀರ್ಮಾನ ಕೊಟ್ಟ. ಆ ದಿನ ಅಲ್ಲಿದ್ದವರು ಒಬ್ಬರೇ. ಮೇಲ್ವಿಚಾರಕ ಕೆಟ್ಟವನೇನಲ್ಲ, ಅವನು ಕನಿಕರದಿಂದಲೇ, "ದೊಡ್ಡಪ್ಪ ಫೋನಲ್ಲೂ ಏನೇನೋ ಅಂತಿದ್ರು, ಅಂಕಿ ಬದಲು ಪದ ಕಾಣ್ತಿದೆ ಅಂತ," ಎಂದ. ಆ ಕನಿಕರ ಬೈಗುಳಕ್ಕಿಂತ ಕೆಲಸ ಮಾಡಿತು. ಒಡತಿ ಕಾವಪ್ಪನನ್ನು ಗದರಲಿಲ್ಲ. ಸ್ವಲ್ಪ ದಿನ ಮನೆಯಲ್ಲಿರಿ ಎಂದಳು.

ಜಿಪುಣಕ್ಕ ಸುದ್ದಿ ಕೇಳಿದ್ದು ನನ್ನೆದುರಿಗೇ, ಊಟದ ಮೇಜಿನಲ್ಲಿ. ಅವತ್ತೇ ತಂದೆಯ ಮನೆಗೆ ಹೋದಳು. ಆ ಭೇಟಿಯಲ್ಲಿ ನಡೆದ ಮಾತನ್ನು ಅವಳು ನನಗೆ ಬಹಳ ಆಮೇಲೆ, ನನ್ನ ಮುಖ ನೋಡದೆ ಹೇಳಿದಳು.

ಅಪ್ಪ ಹೇಳಿದ್ದರು: "ನಾನು ಸ್ವಿಚ್ ಮುಟ್ಟಿಲ್ಲ ಮಗಳೇ. ಶಾಖದ ಜಾಗದಲ್ಲಿ ಎಡಕ್ಕೆ ಅಂತ ಇತ್ತು."

ಅವಳು ಹೇಳಿದ್ದಳು: "ಅಪ್ಪಾ, ಅದು ಸಾಧ್ಯವೇ ಇಲ್ಲ. ಆ ಜಾಗಕ್ಕೆ ಬರೋದು ಸೆನ್ಸರಿನ ಅಂಕಿ. ಅಲ್ಲಿ ಪದ ಬರೋ ದಾರೀನೇ ಇಲ್ಲ. ಅದನ್ನ ಬರೆದವಳು ನಾನು."

ಅಪ್ಪ ಕನ್ನಡಕ ತೆಗೆದು ಮಡಚಿಟ್ಟರಂತೆ. ಆಮೇಲೆ, "ಹಾಗಂತೀಯಾ. ಹಾಗಿದ್ರೆ ನಾನೇ ಹಾಕಿರಬೇಕು," ಎಂದರಂತೆ.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಎಲ್ಲ ಬದಲಾಯಿತು. ಮಾತಿನ ಮಲ್ಲ ಮೌನಿಯಾದರು. ಅಳಿಯನನ್ನು ಒಮ್ಮೆ ಅವನ ಅಣ್ಣನ ಹೆಸರಿನಿಂದ ಕರೆದದ್ದೇ ನೆಪವಾಗಿ, ಪ್ರತಿ ಮಾತಿಗೂ ಮುಂಚೆ ಹೆಂಡತಿಯ ಮುಖ ನೋಡತೊಡಗಿದರು. ಗ್ಯಾಸ್ ಆರಿಸಿದ ಮೇಲೆ ಇನ್ನೊಮ್ಮೆ ಹೋಗಿ ಮುಟ್ಟಿ ನೋಡುತ್ತಿದ್ದರು. ಬೀಗ ಹಾಕಿದ ಮೇಲೆ, "ಹಾಕಿದ್ನಾ?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯಾಕೆ ಸಕ್ಕರೆ ತರಿಸಿದರೆ ಉಪ್ಪು ತಂದುಬಿಟ್ಟೇನೋ ಎಂದು ಅಂಗಡಿಯಲ್ಲಿ ನಿಂತು ಪೊಟ್ಟಣದ ಹೆಸರನ್ನು ಬಾಯಿಬಿಟ್ಟು ಓದಿಸಿಕೊಂಡರಂತೆ. ಅಮ್ಮ ಮಗಳಿಗೆ ಫೋನಿನಲ್ಲಿ ಪಿಸುಗುಟ್ಟಿದರು: "ತಮ್ಮ ಕಣ್ಣೇ ತಮಗೆ ಸುಳ್ಳು ಹೇಳ್ತಿದೆ ಅನ್ಕೊಂಡಿದಾರೆ ಕಣೇ. ಯಾವುದಾದರೂ ಡಾಕ್ಟರಿಗೆ ತೋರಿಸೋಣ." ತಲೆಯ ಡಾಕ್ಟರ ಹತ್ತಿರ ಮಂಗಳವಾರಕ್ಕೆ ಸಮಯ ಸಿಕ್ಕಿತು. ಅಪ್ಪ ಬೇಡ ಎನ್ನಲಿಲ್ಲ. ಬೇಡ ಎನ್ನದಿದ್ದದ್ದೇ ಅವಳಿಗೆ ಭಯ ತಂದಿತು.

ಭಾನುವಾರ ಅವಳು ತವರಿನಲ್ಲಿದ್ದಳು. ಡಾಕ್ಟರು ಕೇಳಿದರೆ ಹೇಳಲಿ ಎಂದು ಅಮ್ಮ ಅಪ್ಪನಿಂದ ಆ ದಿನದ್ದನ್ನೆಲ್ಲ ಇನ್ನೊಮ್ಮೆ ಹೇಳಿಸುತ್ತಿದ್ದರು. ಜಿಪುಣಕ್ಕ ಕಿಟಕಿಯ ಹತ್ತಿರ ಒಗೆದ ಬಟ್ಟೆ ಮಡಿಸುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು.

"ತಟ್ಟೆ ವಾಲೋ ಸಾಲನ್ನ ನೋಡಿ ಹಾಗಂದ್ಕೊಂಡಿರಬೇಕು ನೀವು," ಎಂದರು ಅಮ್ಮ, ಬುದ್ಧಿ ಹೇಳುವ ದನಿಯಲ್ಲಿ.

"ಇರಬೇಕು," ಎಂದರು ಅಪ್ಪ. "ಆದರೆ ಒಂದು ನೋಡು. ಕೆಳಗೆ ತಟ್ಟೆ ಸಾಲು ಎಡಕ್ಕೆ ಅಂತು, ಆಮೇಲೆ ಬಲಕ್ಕೆ ಅಂತು, ಆಮೇಲೆ ಮತ್ತೆ ಎಡಕ್ಕೆ ಅಂತು. ಮೇಲೆ ಮಾತ್ರ ಎಡಕ್ಕೆ ಅಂತಲೇ ಇತ್ತು. ಬಲಕ್ಕೆ ಆಗಲೇ ಇಲ್ಲ. ಅದೇ ನನಗೆ ಸರಿ ಕಾಣಲಿಲ್ಲ ಅವತ್ತು."

ಅವಳ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು.

ಮಂಕಾದ ತಲೆ ಕೆಳಗಿನ ಸಾಲನ್ನು ಮೇಲಿನದೆಂದು ತಪ್ಪು ಓದಬಹುದು. ಆದರೆ ತಟ್ಟೆ ಬಲಕ್ಕೆ ವಾಲಿದಾಗ ಆ ತಪ್ಪೂ ಬಲಕ್ಕೆ ವಾಲಬೇಕು. ಎರಡು ಸಾಲನ್ನೂ ಬೇರೆ ಬೇರೆಯಾಗಿ ಓದಿ, ಒಂದು ಬದಲಾಯಿತು ಇನ್ನೊಂದು ಬದಲಾಗಲಿಲ್ಲ ಎಂದು ಗಮನಿಸಿದ ಕಣ್ಣು ಮಂಕಾದ ಕಣ್ಣಲ್ಲ. ಹಾಗಾದರೆ ಪದ ಅಲ್ಲಿತ್ತು. ತಾನೇ ಬರೆದ, ದಾರಿಯೇ ಇಲ್ಲ ಎಂದು ತಾನೇ ಆಣೆ ಮಾಡಿದ ಜಾಗದಲ್ಲಿ ಪದ ಅಲ್ಲಾಡದೆ ಕೂತಿತ್ತು. ಆ ಹ್ಯಾಚರಿಯ ಪ್ರೋಗ್ರಾಮನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು. ಅದರಲ್ಲಿ ಬರುವ ಮೂರನೇ ಪದ, 'ಎಡಕ್ಕೆ'.

ಅವಳು ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟು, "ಅಮ್ಮ, ನಾನು ಸ್ವಲ್ಪ ಆಫೀಸಿಗೆ ಹೋಗಿ ಬರ್ತೀನಿ," ಎಂದಳು.

"ಭಾನುವಾರ ಯಾವ ಆಫೀಸೇ?"

ಅಮ್ಮ ಕೇಳಿ ಮುಗಿಸುವ ಹೊತ್ತಿಗೆ ಅವಳು ಗೇಟು ದಾಟಿದ್ದಳು.

ನನಗೂ ಕರೆ ಬಂತು. ನಾನು ಹೋದಾಗ ಅವಳು ಮೇಜಿನ ಮೇಲೆ ಒಂದು ಪರದೆ, ಅಪ್ಪನ ಹ್ಯಾಚರಿಯ ಪ್ರೋಗ್ರಾಮ್ ತುಂಬಿದ ಒಂದು ಚಿಪ್, ಒಂದು ಸೆನ್ಸರ್ ಹರಡಿಕೊಂಡು ಕೂತಿದ್ದಳು. ಸೆನ್ಸರ್ ಹೊಸ ಮಾದರಿಯದು: ಶಾಖ ಮುಟ್ಟಿ ನೋಡುವ ಒಂದು ಮೊನೆ, ಅದನ್ನು ಅಂಕಿ ಮಾಡಿ ಚಿಪ್‌ಗೆ ಕಳಿಸುವ ಒಂದು ಪುಟ್ಟ ಪೆಟ್ಟಿಗೆ, ಎರಡರ ನಡುವೆ ತಂತಿ. ಹಳೆಯದು ಮಾರುಕಟ್ಟೆಯಲ್ಲಿ ಸಿಗುವುದು ನಿಂತದ್ದರಿಂದ ಆ ವರ್ಷ ಬೇರೆ ತಯಾರಕರದ್ದು ಹಾಕಲು ಶುರುಮಾಡಿದ್ದೆವು; ಅವಳ ಅಪ್ಪನ ಹ್ಯಾಚರಿಗೆ ಹೋದದ್ದೂ ಅದೇ. ಪರದೆಯಲ್ಲಿ ಕೋಣೆಯ ಶಾಖ 26.3 ಎಂದು ತೋರುತ್ತಿತ್ತು.

"ತಂತಿ ಕತ್ತರಿಸು," ಎಂದಳು. "ಮೊನೆಗೂ ಪೆಟ್ಟಿಗೆಗೂ ನಡುವಿನದನ್ನ."

"ತಂತಿ ಕಡಿದರೆ ಗಂಟೆ ಹೊಡೆಯುತ್ತಲ್ಲ. ಅದನ್ನ ಪರೀಕ್ಷೆ ಮಾಡಿದೀಯಲ್ಲ."

"ಪರೀಕ್ಷೆ ಮಾಡಿದೀನಿ. ಸೊನ್ನೇನ ಸೊನ್ನೆಯಿಂದ ಭಾಗಿಸಿ, ಬಂದದ್ದನ್ನ ಸೆನ್ಸರಿಂದ ಬಂತು ಅಂತ ಕೊಟ್ಟು ಪರೀಕ್ಷೆ ಮಾಡಿದೀನಿ. ನಿಜವಾದ ತಂತಿ ಯಾವತ್ತೂ ಕಡಿದಿಲ್ಲ. ಕತ್ತರಿಸು."

ಕತ್ತರಿಸಿದೆ. ಗಂಟೆ ಹೊಡೆಯಲಿಲ್ಲ. ದೀಪ ಹಸಿರಾಗಿಯೇ ಉಳಿಯಿತು. 26.3 ಇದ್ದ ಜಾಗದಲ್ಲಿ 'ಎಡಕ್ಕೆ' ಎಂದು ಬಂತು.

ನನ್ನ ಕೈಯಲ್ಲಿ ಕತ್ತರಿ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಅವಳು ಪರದೆಯನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದೆಗೆದಳು. ಆಮೇಲೆ ತಂತಿ ಕಡಿದ ಮೇಲೆ ಸೆನ್ಸರಿನ ಪೆಟ್ಟಿಗೆಯಿಂದ ಬಂದ ಎಂಟು ಬೈಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಸೆನ್ಸರ್ ತಯಾರಿಸಿದವರು ತಂತಿ ಕಡಿದಾಗ 'ಇದು ಅಂಕಿಯೇ ಅಲ್ಲ' ಎಂಬ ವಿನ್ಯಾಸವನ್ನೇ ಕಳಿಸುತ್ತಿದ್ದರು. ಅದರ ಜೊತೆ, ಏನು ಕೆಟ್ಟಿದೆ ಎಂದು ತಿಳಿಯಲಿ ಎಂದು, ಮಿಕ್ಕ ಜಾಗದಲ್ಲಿ ಒಂದು ಗುರುತಿನ ಸಂಖ್ಯೆ ಸೇರಿಸಿದ್ದರು. ತಂತಿ ಕಡಿದಿದ್ದರೆ ಮೂರು. ಅವಳು ಖಾಲಿ ಎಂದು ತಿಳಿದು ಮನೆ ಕಟ್ಟಿದ ಬಡಾವಣೆಯನ್ನು ಅವರೂ ಖಾಲಿ ಎಂದೇ ತಿಳಿದಿದ್ದರು. ಬೀದಿಯೂ ಅದೇ, ಪದಗಳದೇ ಆಗಿತ್ತು; ಅದರ ಮೂರನೇ ಮನೆ 'ಎಡಕ್ಕೆ'.

ಮಿಕ್ಕದ್ದು ತಾನಾಗಿಯೇ ಬಿಚ್ಚಿಕೊಂಡಿತು. ದುಭಾಷಿ ಮೊದಲು ಕೇಳುವುದು, ಇದು ಪದವೋ ಅಂಕಿಯೋ ಎಂದು. ಪದದ ಬೀದಿಯಲ್ಲಿದೆ, ಹಾಗಾಗಿ ಪದ. ಅಂಕಿ ಕೆಟ್ಟಿದೆಯೇ ಎಂದು ನೋಡಿ ಗಂಟೆ ಬಾರಿಸುವ ಸಾಲು ಅಂಕಿಗಳಿಗೆ ಮಾತ್ರ. ಪದಕ್ಕೆ ಅದು ಅನ್ವಯಿಸುವುದಿಲ್ಲ. 'ಎಡಕ್ಕೆ' 37.8 ದಾಟಿದೆಯೇ? ಅಲ್ಲ. 39 ದಾಟಿದೆಯೇ? ಅಲ್ಲ. ಪದವನ್ನು ಅಂಕಿಯೊಂದಿಗೆ ಹೋಲಿಸಿದರೆ ದುಭಾಷಿ ಜಗಳ ಮಾಡದೆ 'ಅಲ್ಲ' ಎಂದು ಹೇಳಿ ಮುಂದೆ ಹೋಗುವಂತೆ ಅವಳೇ ಮಾಡಿದ್ದಳು. ಒಳಗೆ ಮೊಟ್ಟೆಗಳಿರುವಾಗ ಯಂತ್ರ ನಡುದಾರಿಯಲ್ಲಿ ನಿಲ್ಲಬಾರದು ಎಂಬುದು ಅವಳ ಕಾಳಜಿ. ತಂತಿ ಕಡಿದ ಗಳಿಗೆಯಲ್ಲಿ ಹೀಟರ್ ಉರಿಯುತ್ತಿತ್ತು. ಅದನ್ನು ಆರಿಸು ಎಂದು ಯಾರೂ ಹೇಳಲಿಲ್ಲ. ತಟ್ಟೆಗಳು ವಾಲುವಾಗ ತಂತಿಯನ್ನು ಉಜ್ಜುತ್ತಿದ್ದವು. ಬಾಗಿಲು ತೆಗೆದ ಎಳೆತಕ್ಕೆ ಕಡಿದ ತುದಿಗಳು ಮತ್ತೆ ತಾಗಿಕೊಂಡವು. ಅಂಕಿ ವಾಪಸು ಬಂತು. ಮುದುಕ ಸುಳ್ಳುಗಾರನಾದ.

"ನಾನು ಅಪ್ಪಂಗೆ ಏನಂದೆ ಗೊತ್ತಾ," ಎಂದಳು. "ಅದನ್ನ ಬರೆದವಳು ನಾನು ಅಂದೆ."

ನಿರ್ದೇಶಕರಿಗೆ ಫೋನು ಹೋಯಿತು. ಅವರು ಪೂರ್ತಿ ಕೇಳಿ, ದೀರ್ಘವಾಗಿ ಉಸಿರೆಳೆದುಕೊಂಡು, "ಸೋಮವಾರ ಎಲ್ಲರೂ ಕೂತು ಮಾತಾಡೋಣಮ್ಮ. ಹೊರಗೆ ಹೋಗೋ ಮುಂಚೆ ನಾವು ಒಂದು ಮಾತಿಗೆ ಬರಬೇಕು," ಎಂದರು.

"ಸೋಮವಾರದವರೆಗೆ ತಂತಿ ಕಾಯಲ್ಲ ಸರ್."

"ನಾನು ಹೇಳೋದು ಅರ್ಥ ಮಾಡ್ಕೋ."

"ಆಯ್ತು ಸರ್. ನೀವು ಸೋಮವಾರ ಏನು ಬೇಕಾದ್ರೂ ಮಾಡಿ. ನನ್ನ ಕೆಲಸ ತೆಗೆದ್ರೂ ಸರಿ. ನಾನೀಗ ಫೋನು ಮಾಡೋಕೆ ಶುರು ಮಾಡ್ತಿದೀನಿ."

ಹೊಸ ಸೆನ್ಸರ್ ಹೋದ ಹ್ಯಾಚರಿಗಳಿಗೆಲ್ಲ ಅವಳು ಒಂದೊಂದಾಗಿ ಕರೆ ಮಾಡಿದಳು. ಮೊದಲ ಕರೆ ತಂದೆಯ ಹ್ಯಾಚರಿಯ ಒಡತಿಗೆ. ನಾನು ಅರ್ಧವಷ್ಟೇ ಕೇಳಿದೆ: "ಅವರು ಸ್ವಿಚ್ ಮುಟ್ಟಿಲ್ಲ. ಅವರು ನಿಮಗೆ ಹೇಳಿದ್ದು ಅಕ್ಷರಕ್ಕಕ್ಷರ ನಿಜ. ತಪ್ಪು ನನ್ನದು, ನಾನು ಬರೆದದ್ದರದು." ಆಮೇಲಿನ ಕರೆಗಳಲ್ಲಿ ಎಲ್ಲರಿಗೂ ಒಂದೇ ಮಾತು: ಶಾಖದ ಜಾಗದಲ್ಲಿ ಈಗ ಏನು ಕಾಣುತ್ತಿದೆ, ನೋಡಿ, ಓದಿ ಹೇಳಿ. ಅಂಕಿಯಲ್ಲದೆ ಬೇರೆ ಏನು ಕಂಡರೂ ಬಾಗಿಲು ತೆಗೆಯಿರಿ. ಕೆಲವರು ಅಂಕಿ ಓದಿದರು. ಕೆಲವರು ಫೋನೇ ಎತ್ತಲಿಲ್ಲ.

ನಡುವೆ ಅವಳ ಗಂಡ ಮಾವನನ್ನು ಕರೆತಂದ. ಕಾವಪ್ಪ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಆಸ್ಪತ್ರೆಗೆ ಬಂದವರಂತೆ ಅಂಜುತ್ತ ಒಳಗೆ ಬಂದರು. ಜಿಪುಣಕ್ಕ ಏನೂ ಹೇಳದೆ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಓದಿ ಅಪ್ಪ."

"ನೀನು ಓದು ಮೊದಲು," ಎಂದರು ಅವರು. "ನನಗೆ ಕಾಣ್ತಿರೋದೇ ನಿನಗೂ ಕಾಣ್ತಿದೆಯಾ ನೋಡೋಣ."

"ಎಡಕ್ಕೆ ಅಂತ ಇದೆ."

ಕಾವಪ್ಪ ಮೇಜಿನ ಅಂಚು ಹಿಡಿದುಕೊಂಡರು. ಅಳಿಯ ಕುರ್ಚಿ ತಳ್ಳಿದ, ಅವರು ಕೂರಲಿಲ್ಲ. ಸಂತೋಷ ಪಡುತ್ತಾರೆ ಎಂದು ನಾನು ಎಣಿಸಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಇಷ್ಟು ದಿನ," ಎಂದರು, ಪರದೆಯ ಕಡೆಗೇ ನೋಡುತ್ತ, "ನಾನು ಬೆಳಿಗ್ಗೆ ಎದ್ದು ನಿನ್ನಮ್ಮನ ಮುಖ ನೋಡಿದ್ರೆ, ಇದು ಅವಳದೇನಾ ಅಂತ ಒಂದು ಸಲ ಯೋಚನೆ ಮಾಡ್ತಿದ್ದೆ. ಬೇರೆಯವರು ನಂಬದಿದ್ರೆ ಹೋಗಲಿ. ನೀನು ಸಾಧ್ಯವೇ ಇಲ್ಲ ಅಂದೆಯಲ್ಲ, ಅವತ್ತು ನಾನು ನನ್ನ ಕಣ್ಣನ್ನ ಬಿಟ್ಟುಬಿಟ್ಟೆ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆಗ ಎತ್ತದೆ ಬಿಟ್ಟಿದ್ದ ಒಂದು ಬಾತುಕೋಳಿ ಹ್ಯಾಚರಿಯಿಂದ ಒಬ್ಬ ಹೆಂಗಸು. ಜಿಪುಣಕ್ಕ ಸ್ಪೀಕರ್ ಒತ್ತಿದಳು.

"ಕರೆ ಮಾಡಿದ್ರಲ್ಲ, ಏನು ವಿಷಯ? ನಾನು ಕೊಡ ಹೊತ್ತು ಹೊತ್ತು ಸುಸ್ತಾಗಿದೀನಿ."

"ಅಮ್ಮ, ಪರದೇಲಿ ಶಾಖದ ಜಾಗದಲ್ಲಿ ಏನಿದೆ, ಓದಿ."

"ಅದೇ ಮತ್ತೆ. ನೀರು ಅಂತ ಇದೆ. ಬೆಳಗಿಂದ ನೀರು ನೀರು ಅಂತಿದೆ, ನಾನೂ ಹಾಕ್ತಾನೇ ಇದೀನಿ. ತೊಟ್ಟಿ ತುಂಬಿ ನೆಲಕ್ಕೆ ಹರೀತಿದೆ, ಇದರ ದಾಹ ಮುಗೀತಿಲ್ಲ."

ಒಳಗಿನ ತೇವ ಇಳಿದಾಗ ತೋರಿಸಲೆಂದು ಬರೆದ ಪದ ನೀರು, ಅವರ ಪ್ರೋಗ್ರಾಮಿನ ಮೂರನೇ ಪದ. ಕಾವಪ್ಪ ಮುಂದೆ ಬಗ್ಗಿ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ತಾಯಿ, ಕೊಡ ಕೆಳಗಿಡಿ. ಬಾಗಿಲು ತೆಗೀರಿ. ಮೊದಲು ಬಾಗಿಲು."

"ನೀವ್ಯಾರು?"

"ನಾನು ನಿಮ್ಮ ಹಾಗೇ ಮೊಟ್ಟೆ ಕಾಯೋನು. ತೆಗೆದ್ರಾ? ಒಂದು ಮೊಟ್ಟೆ ತೆಗೊಂಡು ಮುಚ್ಚಿದ ಕಣ್ಣಿನ ರೆಪ್ಪೆ ಮೇಲೆ ಇಟ್ಕೊಳ್ಳಿ. ಬಿಸಿಯೋ ತಣ್ಣಗೋ?"

ಆ ಕಡೆ ಬಾಗಿಲ ಸದ್ದು, ಚಪ್ಪಲಿ ನೀರಿನಲ್ಲಿ ಪಚಪಚ ಎಂದ ಸದ್ದು. "ತಣ್ಣಗಿದೆ. ಅಯ್ಯೋ ದೇವರೇ, ತಣ್ಣಗಿದೆ." ಅಲ್ಲಿ ತಂತಿ ಕಡಿದಾಗ ಹೀಟರ್ ಆರಿತ್ತು.

"ತಣ್ಣಗಿದ್ರೆ ಜೀವ ಇದೆ, ಅಳಬೇಡಿ. ಎಷ್ಟು ದಿನದ ಮೊಟ್ಟೆ? ಸರಿ. ಪಕ್ಕದಲ್ಲಿ ಕೈ ಸ್ವಿಚ್ ಇದೆಯಲ್ಲ, ಅದನ್ನ ಹಾಕಿ. ಬಾಗಿಲು ಮುಚ್ಚಿ, ನಾನು ಹೇಳಿದಾಗ ಆರಿಸಿ, ಮತ್ತೆ ರೆಪ್ಪೆಗಿಟ್ಟು ನೋಡಿ. ಒಂದೇ ಸಲ ಬಿಸಿ ಮಾಡಿಬಿಡಬೇಡಿ. ಪರದೆ ಏನೇ ಹೇಳಲಿ, ನೋಡಬೇಡಿ ಅದನ್ನ."

ಅವರು ಹೀಗೆ ಬಹಳ ಹೊತ್ತು ಮಾತಾಡಿಸುತ್ತ, ನಮಗೂ ಕೇಳುತ್ತಿದ್ದ ಆ ಹೆಂಗಸಿನ ಏದುಸಿರು ಶಾಂತವಾಗುವವರೆಗೆ ಫೋನು ಬಿಡಲಿಲ್ಲ. ನಡುವೆ ಕಂಬಳಿಯ ಕಥೆಯನ್ನೂ ಹೇಳಿದರು. ಮರಿಗಳ ಸಂಖ್ಯೆ ಮತ್ತೆ ಏರಿತ್ತು. ಮಗಳು ತಿದ್ದಲಿಲ್ಲ.

ಫೋನು ಇಟ್ಟ ಮೇಲೆ ಅವಳು, "ಅಪ್ಪಾ, ಮಂಗಳವಾರದ ಡಾಕ್ಟರು ಬೇಡ ಅಂತ ಹೇಳಿಬಿಡ್ತೀನಿ," ಎಂದಳು.

"ಬೇಡ, ಇರಲಿ. ನಿನ್ನೆ ಕರೆಂಟಿನವನು ಬಂದು ಹೋದದ್ದು ನನಗೆ ನಿಜವಾಗಲೂ ನೆನಪಿಲ್ಲ. ಅದನ್ನ ಹೇಳ್ತೀನಿ ಅವರಿಗೆ." ಅವರು ಪರದೆಯನ್ನು ಬೆರಳಿನಿಂದ ತೋರಿಸಿದರು. "ಇದನ್ನ ಹೇಳಲ್ಲ. ಇದು ನಾನು ನೋಡಿದ್ದು."

ಅವಳು ತಲೆಯಾಡಿಸಿದಳು. ಇನ್ನೂ ಎತ್ತದೇ ಇದ್ದ ಹ್ಯಾಚರಿಗಳು ಉಳಿದಿದ್ದವು. ಅವಳು ಮುಂದಿನ ನಂಬರು ಒತ್ತಿದಳು. ಕಾವಪ್ಪ ಕೊನೆಗೂ ಕುರ್ಚಿ ಎಳೆದುಕೊಂಡು, ಆ ಕಡೆ ಯಾರಾದರೂ ಎತ್ತುತ್ತಾರೋ ಎಂದು ಫೋನಿಗೆ ಕಿವಿ ಹತ್ತಿರ ಮಾಡಿ ಕೂತರು.